ಗ್ಯಾಸ್ ಗೀಸರ್: ಕಂಪನಿ ಯಾವುದಾದರೂ ಆಗಲಿ, ಜಾಗ ನೋಡಿ ಹಾಕಿಸಿ

ನಮ್ಮ ಮನೆಗೆ ಗ್ಯಾಸ್ ಗೀಸರ್ ಹಾಕಿಸಿದ್ದು 2018ರಲ್ಲಿ. ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ನಿಮಿಷಕ್ಕೆ 6 ಲೀಟರ್ ಕಾಯಿಸುವ ಮಾಮೂಲಿ ಮಾಡೆಲ್, ಡಿಸ್‌ಪ್ಲೇ ಗಿಸ್‌ಪ್ಲೇ ಏನೂ ಇಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಗೀಸರ್‌ಗಳ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ: ತಾಮ್ರದ ಕೊಳವೆ, ಕೆಳಗೆ ಬರ್ನರ್, ನೀರಿನ ಒತ್ತಡಕ್ಕೆ ಅಲುಗಾಡುವ ರಬ್ಬರ್ ಡಯಾಫ್ರಮ್, ಕಿಡಿ ಹೊತ್ತಿಸಲು ಎರಡು ದಪ್ಪ ಸೆಲ್ಲು. ಕೊಳ್ಳುವಾಗ ಐಎಸ್ 15558 ನಂಬರಿನ ಐಎಸ್‌ಐ ಗುರುತು ಇದೆಯಾ ನೋಡಿಕೊಳ್ಳಿ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಅದನ್ನು ಯಾವ ಗೋಡೆಗೆ ಹಾಕಿಸುತ್ತೀರಿ ಅನ್ನುವುದರ ಬಗ್ಗೆ.

ಫಿಟ್ಟಿಂಗ್‌ಗೆ ಬಂದವನು ಡ್ರಿಲ್ ಹಿಡಿದು ನೇರ ಬಾತ್‌ರೂಮಿಗೆ ಹೋದ. "ಪೈಪು ಉಳಿಯುತ್ತೆ ಸಾರ್, ಎಲ್ಲರ ಮನೇಲೂ ಇಲ್ಲೇ ಹಾಕಿರೋದು" ಅಂದ. ನಾನು ಒಪ್ಪಲಿಲ್ಲ. ಹಿಂದಿನ ಯುಟಿಲಿಟಿಯಲ್ಲಿ ಹಾಕಿಸಿದೆ. ಅಲ್ಲಿ ಅರ್ಧ ಗೋಡೆ, ಮೇಲೆ ಬರೀ ಗ್ರಿಲ್, ಗಾಳಿ ಚೆನ್ನಾಗಿ ಆಡುತ್ತದೆ. ಪೈಪಿಗೆ ಸ್ವಲ್ಪ ದುಡ್ಡು ಜಾಸ್ತಿ ಆಯಿತು. ಬಿಸಿನೀರು ಬರುವ ಮುಂಚೆ ಅರ್ಧ ಮಗ್ ತಣ್ಣೀರು ಹರಿದುಹೋಗುತ್ತದೆ. ನಷ್ಟ ಅಂದರೆ ಇಷ್ಟೇ.

ಯಾಕೆ ಇಷ್ಟು ಹಟ ಅಂದರೆ, ಲೆಕ್ಕ ಹಾಕಿ ನೋಡಿ. 6 ಲೀಟರಿನ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹತ್ತಿರಹತ್ತಿರ 1 ಕೆ.ಜಿ. ಗ್ಯಾಸ್ ತಿನ್ನುತ್ತದೆ. ಆ 1 ಕೆ.ಜಿ. ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಾತ್‌ರೂಮಲ್ಲಿ ಇರುವ ಒಟ್ಟು ಗಾಳಿಯೇ 9 ಘನ ಮೀಟರ್. ಬಾಗಿಲು ಹಾಕಿಕೊಂಡು ಕಾಲು ಗಂಟೆ ಸ್ನಾನ ಮಾಡಿದರೆ ಮೂರರಲ್ಲಿ ಒಂದು ಪಾಲು ಗಾಳಿಯನ್ನು ಬರ್ನರ್ ಮುಗಿಸಿರುತ್ತದೆ. ಉಳಿದದ್ದರಲ್ಲಿ ನೀವೂ ಉಸಿರಾಡಬೇಕು, ಉರಿಯೂ ಉರಿಯಬೇಕು. ಆಮ್ಲಜನಕ ಸಾಲದೆ ಉರಿ ಅರೆಬರೆ ಆದಾಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿಯೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದಕ್ಕಿಂತ 200 ಪಟ್ಟು ಗಟ್ಟಿಯಾಗಿ ಇದು ಹೋಗಿ ಕೂರುತ್ತದೆ.

ಅಂಗಡಿಯವರು "ಫುಲ್ ಸೇಫ್ಟಿ ಇದೆ ಸಾರ್" ಅಂತಾರಲ್ಲ, ಆ ಸೇಫ್ಟಿ ಏನು ಮಾಡುತ್ತದೆ ಅಂತ ತಿಳಿದುಕೊಂಡರೆ ಒಳ್ಳೆಯದು. ಉರಿ ಆರಿದರೆ ಗ್ಯಾಸ್ ನಿಲ್ಲುತ್ತದೆ. ನೀರು ನಿಂತರೆ ಉರಿ ನಿಲ್ಲುತ್ತದೆ. ಕೆಲವದರಲ್ಲಿ 20 ನಿಮಿಷಕ್ಕೆ ತಾನಾಗೇ ಆಫ್ ಆಗುತ್ತದೆ. ಎಲ್ಲವೂ ಕೆಲಸಕ್ಕೆ ಬರುವಂಥವೇ. ಆದರೆ ಇವೆಲ್ಲ ಕಾಯುವುದು ಉರಿಯನ್ನು. ನೀವು ಎಳೆದುಕೊಳ್ಳುವ ಗಾಳಿ ಹೇಗಿದೆ ಅಂತ ನೋಡುವ ಸೆನ್ಸರ್ ಎಲ್ಲ ಮಾಡೆಲ್‌ನಲ್ಲೂ ಇರುವುದಿಲ್ಲ. ಇದ್ದರೂ ಬಾತ್‌ರೂಮ್ ಒಳಗೆ ಹಾಕಿಸಲು ನಾನು ಹೇಳುವುದಿಲ್ಲ.

ಜನ ಎರಡು ಅಪಾಯಗಳನ್ನು ಕಲಸಿಬಿಡುತ್ತಾರೆ. ಸಿಲಿಂಡರ್ ಗ್ಯಾಸ್ ಲೀಕ್ ಆದರೆ ವಾಸನೆ ಬರುತ್ತದೆ, ಬರಲಿ ಅಂತಲೇ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದಲ್ಲಿ ಹರಡಿಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಕಥೆಯೇ ಬೇರೆ. "ವಾಸನೆ ಏನೂ ಬರ್ತಿಲ್ವಲ್ಲ" ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಹೊರಗೆ ಹಾಕಿಸಿದ ಮೇಲೂ ಎರಡು ಸಂಗತಿ ನೋಡಿಕೊಳ್ಳಬೇಕು. ಒಂದು, ನಮ್ಮ ಬಾತ್‌ರೂಮ್ ವೆಂಟಿಲೇಟರ್ ಯುಟಿಲಿಟಿ ಕಡೆಗೇ ತೆರೆಯುತ್ತದೆ. ಗೀಸರ್ ಅದರ ಕೆಳಗೇ ಇದ್ದರೆ ಹೊಗೆಗಾಳಿ ವಾಪಸ್ ಒಳಗೇ ಬರುತ್ತಿತ್ತು. ಅದಕ್ಕೇ ಆಚೆ ಕೊನೆಯ ಗೋಡೆಗೆ ಹಾಕಿಸಿದ್ದು. ಎರಡು, ಮಳೆ ಎರಚಲು ಹೊಡೆಯುತ್ತೆ, ಪಾರಿವಾಳದ ಕಾಟ ಅಂತ ಬೆಂಗಳೂರಲ್ಲಿ ಈಗ ಎಲ್ಲರೂ ಯುಟಿಲಿಟಿಗೆ ಗಾಜಿನ ಕಿಟಕಿ ಮುಚ್ಚಿಸುತ್ತಾರೆ. ಮುಚ್ಚಿಸಿದರೆ ಅದೂ ಒಂದು ಕೋಣೆಯೇ ಆಯಿತು. ನಾವು ಪಾರಿವಾಳಕ್ಕೆ ಬಲೆ ಕಟ್ಟಿಸಿದ್ದೇವೆ, ಅಷ್ಟೇ.

ಹಳೇ ಬಚ್ಚಲುಮನೆಯಲ್ಲಿ ಹಂಡೆ ಒಲೆಗೆ ಕಟ್ಟಿಗೆ ಒಟ್ಟಿದರೆ ಹೊಗೆ ಕಣ್ಣಿಗೆ ಹೊಡೆದು ಜನ ತಾವಾಗೇ ಬಾಗಿಲು ತೆಗೆಯುತ್ತಿದ್ದರು, ಹೆಂಚಿನ ಸಂದಿಯಿಂದ ಗಾಳಿಯೂ ಆಡುತ್ತಿತ್ತು. ಈಗ ಟೈಲ್ಸ್ ಬಾತ್‌ರೂಮ್, ಗಟ್ಟಿ ಬಾಗಿಲು. ಚಳಿ ಅಂತ ವೆಂಟಿಲೇಟರ್‌ಗೆ ರಟ್ಟು ಬೇರೆ. ನನಗೆ ಜಾಸ್ತಿ ಭಯ ಆಗುವುದು ನರಕ ಚತುರ್ದಶಿ ಬೆಳಗ್ಗೆ. ಒಬ್ಬರಾದ ಮೇಲೆ ಒಬ್ಬರಿಗೆ ಎಣ್ಣೆಸ್ನಾನ, ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ನೀರೆರೆಯುವುದು, ಗೀಸರ್ ಗಂಟೆಗಟ್ಟಲೆ ಉರಿಯುವುದು. ಗೀಸರ್ ಒಳಗೇ ಇರುವ ಮನೆಯಾದರೆ, ಜಾಗ ಬದಲಿಸುವ ತನಕ ಹೀಗೆ ಮಾಡಿ: ಬಾಗಿಲು ಪೂರ್ತಿ ತೆರೆದು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಡಿ, ಆಮೇಲೆ ಸ್ನಾನಕ್ಕೆ ಹೋಗಿ. ಚಿಲಕ ಹಾಕಬೇಡಿ.

ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತ, ಗ್ಯಾಸ್ಟ್ರಿಕ್ ಅಂದುಕೊಂಡು ಕೂರಬೇಡಿ. ತಕ್ಷಣ ಹೊರಗೆ ಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದಾದರೂ ಬಯಲಿಗೆ ಎತ್ತಿಕೊಂಡು ಬನ್ನಿ, ಸಿಲಿಂಡರ್ ಆಫ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರ್‌ಗೆ ಮೊದಲ ಮಾತಿಗೇ "ಗ್ಯಾಸ್ ಗೀಸರ್ ಉರೀತಿತ್ತು" ಅಂತ ಹೇಳಿ. ಇಲ್ಲದಿದ್ದರೆ ಫಿಟ್ಸ್ ಇರಬಹುದು ಅಂದುಕೊಳ್ಳುವ ಸಾಧ್ಯತೆ ಇದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ. ಅದಕ್ಕೆ ಆಮ್ಲಜನಕಕ್ಕೂ ಈ ವಿಷಗಾಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಚೆನ್ನಾಗೇ ಇದೆ ಅಂತ ನಂಬರ್ ತೋರಿಸಿಬಿಡುತ್ತದೆ.

ಇನ್ನು ದಿನನಿತ್ಯದ ಬಳಕೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು, ಕರೆಂಟ್ ಇರಲಿ ಬಿಡಲಿ. ಡಿಸೆಂಬರ್ ಚಳಿಯಲ್ಲೂ ಸ್ನಾನಕ್ಕೆ ಸಾಕಾಗುವಷ್ಟು ಬಿಸಿ. ನಾವು ನಾಲ್ಕು ಜನ, 14.2 ಕೆ.ಜಿ. ಸಿಲಿಂಡರ್ ತಿಂಗಳಿಗೆ ಸ್ವಲ್ಪ ಕಡಿಮೆ ಬರುತ್ತದೆ. ಅಡುಗೆಯದ್ದು ಬೇರೆ ಇಟ್ಟುಕೊಳ್ಳಿ, ಲೆಕ್ಕ ಸಿಗುತ್ತದೆ. ಟ್ಯಾಂಕ್ ತೀರಾ ತಗ್ಗಿನಲ್ಲಿದ್ದರೆ ಡಯಾಫ್ರಮ್ ಅಲುಗುವಷ್ಟು ಒತ್ತಡ ಸಿಗದೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಮೇಲಿನ ಮಹಡಿಯವರು ಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ಟಕ್ ಟಕ್ ಅಂತ ಕಿಡಿ ಬಂದು ಹೊತ್ತಿಕೊಳ್ಳದಿದ್ದರೆ ಮೊದಲು ಸೆಲ್ ಬದಲಿಸಿ, ಮೆಕ್ಯಾನಿಕ್‌ಗೆ ಫೋನ್ ಆಮೇಲೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಸೋಪು ಹಚ್ಚಿಕೊಳ್ಳಲು ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಮೊದಲು ಬರುವ ನೀರು ಸುಡುತ್ತದೆ. ಕೊಳವೆಯಲ್ಲಿ ನಿಂತ ನೀರು ಉಳಿದ ಕಾವಿಗೇ ಇನ್ನಷ್ಟು ಕಾದಿರುತ್ತದೆ. ಮಕ್ಕಳು, ವಯಸ್ಸಾದವರು ಶವರ್ ಕೆಳಗೆ ನಿಂತೇ ತಿರುಗಿಸಬಾರದು.

ಬೋರ್‌ವೆಲ್ ನೀರಾದರೆ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ನೀರಿನ ಧಾರೆ ಸಣ್ಣಗಾಗುತ್ತಾ ಬಂದರೆ ಅದೇ ಗುರುತು. ಇನ್ನೊಂದು ಗುರುತು ಉರಿಯ ಬಣ್ಣ. ನೀಲಿ ಇದ್ದರೆ ಸರಿ. ಹಳದಿ ತಿರುಗಿ ಮೇಲ್ಭಾಗ ಮಸಿ ಹಿಡಿದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಕ್ಲೀನ್ ಮಾಡಿಸುವ ತನಕ ಹಚ್ಚಬೇಡಿ. ಒಮ್ಮೆ ವರ್ಷದ ಸರ್ವಿಸ್‌ಗೆ ಅಂತ ಬಂದ ಹುಡುಗ ಮೇಲಿನ ಕವರ್ ಒರೆಸಿ ಬಿಲ್ ಬರೆಯತೊಡಗಿದ. ಕವರ್ ಬಿಚ್ಚಿಸಿ, ಜೇಡರ ಬಲೆ ತೆಗೆಸಿ, ಬರ್ನರ್ ಬ್ರಷ್ ಮಾಡಿಸಿ ಕಳಿಸಿದೆ. ಎದುರು ನಿಂತು ಮಾಡಿಸಿಕೊಳ್ಳದಿದ್ದರೆ ಸರ್ವಿಸ್ ದುಡ್ಡು ದಂಡ.

ಗ್ಯಾಸ್ ಟ್ಯೂಬ್ ಐಎಸ್‌ಐ ಗುರುತಿನದ್ದೇ ಹಾಕಿಸಿ, 5 ವರ್ಷಕ್ಕೊಮ್ಮೆ ಬದಲಿಸಿ. ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಸ್ನಾನ ಎಲ್ಲರದ್ದೂ ಮುಗಿದ ಮೇಲೆ ನಾವು ರೆಗ್ಯುಲೇಟರ್ ಆಫ್ ಮಾಡುತ್ತೇವೆ. ಲೀಕ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಹೊರಗೆ ಹೋಗಿ ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಯಾರಿಗೆ ಬೇಡ? ಯುಟಿಲಿಟಿ, ಬಾಲ್ಕನಿ, ತೆರೆದ ಸಜ್ಜಾ ಯಾವುದೂ ಇಲ್ಲದ ಮನೆಗೆ ಖಂಡಿತ ಬೇಡ, ಕರೆಂಟಿನ ಗೀಸರ್ ತಗೊಳ್ಳಿ. ಬಾಡಿಗೆ ಮನೆ ನೋಡಲು ಹೋದಾಗ ಗೀಸರ್ ಎಲ್ಲಿದೆ ಅಂತ ನೋಡಿ. ಒಳಗಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಆಚೆ ಹಾಕಿಸಿಕೊಡಿ ಅಂತ ಓನರ್‌ಗೆ ಹೇಳಿ.

ನಮ್ಮ ಬೀದಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಸಿಲಿಂಡರ್ ಗೀಸರನ್ನು ಸುಮ್ನೆ ಅದಕ್ಕೆ ಜೋಡಿಸುವ ಹಾಗಿಲ್ಲ. ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಬೇರೆ, ಒತ್ತಡ ಬೇರೆ. ನಮ್ಮ ಹಳೇ ಮಾಡೆಲ್‌ಗೆ ಅದನ್ನೆಲ್ಲ ಬದಲಿಸುವ ಕಿಟ್ ಸಿಗುವುದಿಲ್ಲವಂತೆ. ಹಾಗಾಗಿ ಸದ್ಯಕ್ಕೆ ಸಿಲಿಂಡರಲ್ಲೇ ನಡೆಸುತ್ತಿದ್ದೇವೆ.