ಲೈವ್ ಪಾಠವೋ, ರೆಕಾರ್ಡ್ ಮಾಡಿದ ಪಾಠವೋ: ಎರಡನ್ನೂ ಮಾಡಿ ನೋಡಿದೆ

ಸಂಖ್ಯಾಶಾಸ್ತ್ರದ ಒಂದೇ ಪಠ್ಯವನ್ನು ಎರಡು ಥರ ಕಲಿಸಿ ನೋಡಿದೆ. ಒಂದು ಸೆಮಿಸ್ಟರ್ ಪೂರ್ತಿ ಲೈವ್, ಇನ್ನೊಂದು ಪೂರ್ತಿ ರೆಕಾರ್ಡಿಂಗ್.

ಲೈವ್‌ಗೆ ಝೂಮ್, ಗೂಗಲ್ ಮೀಟ್ ಎರಡನ್ನೂ ಬಳಸಿದೆ. ಉಚಿತ ಖಾತೆಯಲ್ಲಿ ಗುಂಪಿಗೆ ಝೂಮ್ 40 ನಿಮಿಷ ಕೊಡುತ್ತದೆ, ಮೀಟ್ 60 ನಿಮಿಷ. ಎರಡರಲ್ಲೂ 100 ಜನ ಸೇರಬಹುದು. ಪಾಠದ ಮಟ್ಟಿಗೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಲೈವ್‌ನ ನಿಜವಾದ ಬಲ ಪ್ರಶ್ನೆ. "ಸರಾಸರಿ ಯಾಕೆ, ಮಧ್ಯಾಂಕ ಸಾಲದಾ?" ಎಂದು ಒಬ್ಬಳು ಕೇಳಿದ ದಿನ ಇಡೀ ತರಗತಿ ಎದ್ದು ಕೂತಿತ್ತು. ಆದರೆ ಅಂಥ ದಿನ ಕಡಿಮೆ. ಕ್ಯಾಮೆರಾ ಆಫ್ ಇದ್ದರೆ ಮುಖವೇ ಕಾಣುವುದಿಲ್ಲ. "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ ಸಾಲಾಗಿ "ಹೌದು ಮೇಡಂ" ಬರುತ್ತದೆ. ಉತ್ತರ ಪತ್ರಿಕೆ ನೋಡಿದಾಗಲೇ ಸತ್ಯ ಗೊತ್ತಾಗುವುದು. ನೆಟ್ ನಿಧಾನ ಇರುವವರಿಗಂತೂ ಮಾತು ನಡುವೆ ತುಂಡಾದರೆ ಆ ಹೆಜ್ಜೆ ಕೈತಪ್ಪಿತು ಅಂತಲೇ ಲೆಕ್ಕ.

ರೆಕಾರ್ಡಿಂಗ್‌ಗೆ ಕಂಪ್ಯೂಟರ್ ಪರದೆ, ದನಿ ಎರಡನ್ನೂ ಸೆರೆಹಿಡಿಯುವ ಓಬಿಎಸ್ ಸ್ಟುಡಿಯೊ ಅನ್ನುವ ತಂತ್ರಾಂಶ ಸಾಕು, ಅದು ಉಚಿತ. ಒಂದು ಸಲ 50 ನಿಮಿಷ ಮಾತಾಡಿದ ಮೇಲೆ ಕಂಪ್ಯೂಟರ್ ಆಫ್ ಆಯಿತು. ಎಂಪಿ4 ಫೈಲ್ ತೆರೆಯಲೇ ಇಲ್ಲ. ಅವತ್ತಿನಿಂದ ಎಂಕೆವಿ ಅನ್ನುವ ಇನ್ನೊಂದು ಥರದ ವಿಡಿಯೊ ಫೈಲ್‌ನಲ್ಲೇ ರೆಕಾರ್ಡ್ ಮಾಡಿ ಆಮೇಲೆ ಎಂಪಿ4ಗೆ ಬದಲಿಸುತ್ತೇನೆ. ಎಂಕೆವಿ ಆದರೆ ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ.

ಶುರುವಿನಲ್ಲಿ ಒಂದೊಂದು ವಿಡಿಯೊ ಒಂದು ಗಂಟೆ ಇರುತ್ತಿತ್ತು. ಯಾರೂ ಕೊನೆವರೆಗೆ ನೋಡುತ್ತಿರಲಿಲ್ಲ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದ ಪಾಠಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೂ ಇದನ್ನೇ ಹೇಳಿತ್ತು: ವಿಡಿಯೊ ಎಷ್ಟೇ ಉದ್ದ ಇರಲಿ, ಗಮನ ಸಾಮಾನ್ಯವಾಗಿ 6 ನಿಮಿಷ ದಾಟುವುದಿಲ್ಲ. ಒಂದು ವಿಡಿಯೊಗೆ ಒಂದೇ ವಿಷಯ ಅಂತ ಕತ್ತರಿಸಿದೆ. ಮಕ್ಕಳು ನಿಲ್ಲಿಸಿ, ಹಿಂದೆ ಹೋಗಿ, ತಮ್ಮ ವೇಗದಲ್ಲಿ ನೋಡತೊಡಗಿದರು. ನೆಟ್ ಕಡಿಮೆ ಇದ್ದವರು ಚಿತ್ರದ ಗುಣಮಟ್ಟವನ್ನು ತೀರಾ ಕಡಿಮೆಗೆ, 144ಪಿಗೆ, ಇಟ್ಟುಕೊಂಡರು. ಚಿತ್ರ ಮಸುಕಾದರೂ ದನಿ ಚೆನ್ನಾಗಿದ್ದರೆ ಪಾಠ ನಡೆಯುತ್ತದೆ. ಅದಕ್ಕೇ ಕ್ಯಾಮೆರಾಗಿಂತ ಮೊದಲು ಒಳ್ಳೆ ಮೈಕ್ ತೆಗೆದುಕೊಳ್ಳಿ ಅನ್ನುತ್ತೇನೆ.

ನಾನು ನಿರೀಕ್ಷಿಸದ ಲಾಭ ಇನ್ನೊಂದು. ವಿಡಿಯೊ ಯೂಟ್ಯೂಬ್‌ನಲ್ಲಿ ಹಾಕಿದರೆ, ನೋಡುವವರು ಸಾಕಷ್ಟಿದ್ದರೆ, ಯಾವ ಜಾಗವನ್ನು ಎಷ್ಟು ನೋಡಿದರು ಅನ್ನುವ ಗ್ರಾಫ್ ಅದು ತೋರಿಸುತ್ತದೆ. ಮತ್ತೆ ಮತ್ತೆ ನೋಡಿದ ಜಾಗದಲ್ಲಿ ಗೆರೆ ಮೇಲೇಳುತ್ತದೆ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಪಾಠದಲ್ಲಿ, ಎನ್ (ಅಂದರೆ ಅಂಕಿಗಳು ಎಷ್ಟಿವೆಯೋ ಅಷ್ಟು) ಬದಲು ಎನ್ ಮೈನಸ್ 1ರಿಂದ ಯಾಕೆ ಭಾಗಿಸಬೇಕು ಅನ್ನುವ ಕಡೆ ಗೆರೆ ಎದ್ದಿತ್ತು. ಲೈವ್‌ನಲ್ಲಿ ಅದೇ ಜಾಗದಲ್ಲಿ ಎಲ್ಲರೂ "ಹೌದು ಮೇಡಂ" ಅಂದಿದ್ದರು.

ಲೈವ್ ತರಗತಿಯನ್ನೇ ರೆಕಾರ್ಡ್ ಮಾಡಿ ಹಾಕುವುದು ಮಾತ್ರ ಬೇಡ. "ದನಿ ಕೇಳಿಸ್ತಾ ಇದೆಯಾ" ಅನ್ನುವುದರಲ್ಲೇ ಹತ್ತು ನಿಮಿಷ ಹೋಗಿರುತ್ತದೆ. ಬಂದಿದ್ದವರಿಗೂ ಬೇಡ, ಬರದವರಿಗೂ ಸಾಲದು.

ಈಗ ವಿಡಿಯೊ ಎರಡು ದಿನ ಮೊದಲೇ ಹಾಕುತ್ತೇನೆ. ಲೈವ್ 40 ನಿಮಿಷ, ಲೆಕ್ಕ ಬಿಡಿಸಲು ಮಾತ್ರ. ಶುರು ಮಾಡುವುದು ಆ ಗೆರೆ ಎದ್ದ ಜಾಗದಿಂದಲೇ.