ಎಂಟನೇ ಆಟಗಾರನಾಗಿ ಸ್ಟಾಕ್‌ಫಿಶ್

ಸ್ಟಾಕ್‌ಫಿಶ್ ಅಂದರೆ ಪುಕ್ಕಟೆ ಸಿಗುವ ಚೆಸ್ ಪ್ರೋಗ್ರಾಂ. ಫೋನಿಗೆ ಹಾಕಿಕೊಂಡು ಎರಡು ವರ್ಷ ಆಯಿತು, ರಾತ್ರಿ ಊಟ ಮುಗಿಸಿ ಒಂದಾಟ ಸೋತು ಮಲಗುವುದು ಅಭ್ಯಾಸ. ಕಳೆದ ತಿಂಗಳು ಅದನ್ನು ಪಂದ್ಯಕ್ಕೇ ಕೂರಿಸಿದೆವು.

ಹಾಸನದ ಕೆ.ಆರ್. ಪುರಂನಲ್ಲಿ ನಮ್ಮ ಮಹಡಿ ಮೇಲೆ ಭಾನುವಾರ ಎಂಟು ಜನ ಸೇರಿ ಆಡುತ್ತೇವೆ. ಅವತ್ತು ಸಕಲೇಶಪುರದವರು ಮಳೆ ಅಂತ ಬರಲಿಲ್ಲ. ಏಳೇ ಜನ, ಪ್ರತಿ ರೌಂಡಿಗೂ ಒಬ್ಬರು ಸುಮ್ನೆ ಕೂರಬೇಕು. ಆ ಜಾಗಕ್ಕೆ ಫೋನ್ ಇಡೋಣ ಅಂದವನು ನಾನೇ.

ಪೂರ್ತಿ ಬಲದಲ್ಲಿ ಬಿಟ್ಟರೆ ವಿಶ್ವ ಚಾಂಪಿಯನ್ನರೇ ನಿಲ್ಲುವುದಿಲ್ಲ, ಇನ್ನು ನಾವು! ಅದಕ್ಕೇ 1500 ರೇಟಿಂಗ್‌ಗೆ (ರೇಟಿಂಗ್ ಅಂದರೆ ಆಟಗಾರನ ಬಲ ತೋರಿಸುವ ಅಂಕ) ಇಳಿಸಿದೆವು. ಎಡವಟ್ಟಾಗಿದ್ದೇ ಅಲ್ಲಿ. ಇಳಿಸಿದಾಗ ಅದು 1500ರ ಮನುಷ್ಯನ ಹಾಗೆ ಆಡುವುದಿಲ್ಲ. ಹತ್ತು ನಡೆ ಉಸಿರು ಕಟ್ಟಿಸಿ, ಆಮೇಲೆ ಇದ್ದಕ್ಕಿದ್ದಂತೆ ಆನೆಯನ್ನು ತಂದು ಒಂಟೆಯ ಬಾಯಿಗೆ ಇಡುತ್ತದೆ. ಹಾಗೆ ಆನೆ ಸಿಕ್ಕ ಪಿಯುಸಿ ಹುಡುಗ ಗೆದ್ದ. ನಿವೃತ್ತ ಮೇಷ್ಟ್ರಿಗೆ ಮಾತ್ರ ಒಂದು ಕಾಲಾಳನ್ನೂ ಪುಕ್ಕಟೆ ಕೊಡಲಿಲ್ಲ. ಕೊನೆಗೆ ಹುಡುಗ ಅರ್ಧ ಪಾಯಿಂಟ್ ಮುಂದೆ. "ಅವನಿಗೆ ದಾನ ಮಾಡಿದ್ದು ನನಗ್ಯಾಕೆ ಮಾಡಲಿಲ್ಲ ಕಣಯ್ಯಾ ನಿನ್ನ ಫೋನು?" ಅಂದ ಮೇಷ್ಟ್ರು ಕಾಫಿನೂ ಕುಡಿಯದೆ ಎದ್ದರು.

ಅವರ ಸಿಟ್ಟು ಹೊಸದೇನಲ್ಲ. 1981ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯ ಚಾಂಪಿಯನ್‌ಷಿಪ್‌ನಲ್ಲಿ ಕ್ರೇ ಬ್ಲಿಟ್ಜ್ ಅನ್ನುವ ಚೆಸ್ ಪ್ರೋಗ್ರಾಂ ಐದಕ್ಕೆ ಐದೂ ಗೆದ್ದಿತ್ತು, ಸೂಪರ್‌ಕಂಪ್ಯೂಟರ್ ಬೆನ್ನಿಗಿತ್ತು ಬಿಡಿ. 2000ದಲ್ಲಿ ನೆದರ್ಲೆಂಡ್ಸ್‌ನವರು ತಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಫ್ರಿಟ್ಜ್ ಪ್ರೋಗ್ರಾಂ ಸೇರಿಸಿದಾಗ ಆಟಗಾರರೇ ತಿರುಗಿಬಿದ್ದರು. 2009ರ ಹೊತ್ತಿಗೆ ಬ್ಯೂನಸ್ ಐರಿಸ್‌ನ ಒಂದು ಟೂರ್ನಿಯಲ್ಲಿ ಪಾಕೆಟ್ ಫ್ರಿಟ್ಜ್, ಬರೀ ಮೊಬೈಲಿನಲ್ಲಿ ಓಡಿ, 10ಕ್ಕೆ 9.5 ತೆಗೆದುಕೊಂಡಿತು. ಗೆದ್ದರೆ ಅದಕ್ಕೆ ಖುಷಿ ಇಲ್ಲ, ಸೋತರೆ ಬೇಜಾರಿಲ್ಲ, ಆದರೆ ಪಾಯಿಂಟ್ ಪಟ್ಟಿಯಲ್ಲಿ ಮೇಲೆ ಕೆಳಗೆ ಆಗುವುದು ಮನುಷ್ಯರು, ಅಲ್ವಾ?

ಆಟ ಮುಗಿದ ಮೇಲೆ ತಪ್ಪು ಹುಡುಕಲು ಪಕ್ಕದಲ್ಲಿ ಇಟ್ಟುಕೊಂಡರೆ ಮಾತ್ರ ಸ್ಟಾಕ್‌ಫಿಶ್ ಚಿನ್ನ. ಮುಂದಿನ ವಾರ ಮೇಷ್ಟ್ರ ಅದೇ ಆಟವನ್ನು ಪೂರ್ತಿ ಬಲದಲ್ಲಿ ಓಡಿಸಿದೆ. ಒಂದು ಕಡೆ ಕುದುರೆ ಹಾರಿಸಿದ್ದರೆ ಅವರೇ ಗೆಲ್ಲುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಅರ್ಧ ಗಂಟೆ ಫೋನ್ ಬಿಡಲೇ ಇಲ್ಲ. ಚಾರ್ಜ್ ಜಾಸ್ತಿ ಹೋಗುತ್ತದೆ, ಫೋನ್ ಬಿಸಿಯೂ ಆಗುತ್ತದೆ, ಚಾರ್ಜರ್ ಹತ್ತಿರ ಇರಲಿ.

ಈಗ ಏಳೇ ಜನ ಬಂದರೆ ಒಬ್ಬರಿಗೆ ಬೈ ಕೊಡುತ್ತೇವೆ, ಅಂದರೆ ಆ ರೌಂಡ್ ಅವರು ಆಡುವ ಹಾಗಿಲ್ಲ. ಬೈ ಸಿಕ್ಕವರು ಕೆಳಗಿಳಿದು ಎಲ್ಲರಿಗೂ ಕಾಫಿ ತರಬೇಕು.