ಕನ್ನಡ ಮಾತಾಡಿದ ಅಂತ ಅಜ್ಜನ ರೈಫಲ್ ಕೊಟ್ಟು ಕೆಟ್ಟೆ

ಪುಣೆಯಲ್ಲಿರುವ ನಮ್ಮವರ ಪೈಕಿ ಹಳೇ ಬಂದೂಕು ಇಟ್ಟುಕೊಂಡವರು ಯಾರಾದರೂ ಇದ್ದರೆ ಇದನ್ನು ಓದಿ. ಬರೆಯಲು ನನಗೆ ನಾಚಿಕೆ. ಬರೆಯದಿದ್ದರೆ ನಿದ್ದೆ ಇಲ್ಲ.

ಅಜ್ಜನದು ವಿಂಚೆಸ್ಟರ್ 1892. ಲಿವರ್ ಎಳೆದು ಗುಂಡು ಏರಿಸುವ ರೈಫಲ್, ಎಂಟು ಮೂಲೆಯ ನಳಿಗೆ. ಶಿರಸಿಯ ಮನೆಯಲ್ಲಿ ಆಯುಧ ಪೂಜೆಗೆ ತಪ್ಪದೆ ಕುಂಕುಮ ಹಚ್ಚುತ್ತಿದ್ದೆವು. ಅಪ್ಪ ಹೋದ ಮೇಲೆ ಲೈಸನ್ಸ್ ನನ್ನ ಹೆಸರಿಗಾಯಿತು, ಇಲ್ಲಿಗೆ ತಂದೆ. ಇದ್ದ ತೊಂದರೆ ಒಂದೇ. ಬಲಗಡೆ ಗುಂಡು ತುಂಬುವ ಪುಟ್ಟ ಬಾಗಿಲು ಇದೆಯಲ್ಲ, ಅದು ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಅಷ್ಟೇ. ಅಷ್ಟೇ ಸ್ವಾಮಿ!

1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ ಮಾಡುವವನಿಗೂ ಲೈಸನ್ಸ್ ಬೇಕು. ಅದಕ್ಕೇ ಲೈಸನ್ಸ್ ಇರುವ ಅಂಗಡಿಯನ್ನೇ ಹುಡುಕಿ ಹೋದೆ. ನನ್ನ ಮರಾಠಿ ಕೇಳಿದ ಕೂಡಲೇ ಆತ ನಕ್ಕ. "ಕನ್ನಡದವ್ರ ಏನ್ರಿ? ನಮ್ಮವ್ವನ ತವರು ನಿಪ್ಪಾಣಿರಿ. ಚಿಂತಿ ಮಾಡಬ್ಯಾಡ್ರಿ, ಮನಿ ಕೆಲಸ ಇದ್ದಂಗ." ಅಲ್ಲೇ ಕರಗಿಬಿಟ್ಟೆ. ಚಹಾ ಬೇರೆ ಕುಡಿಸಿದ. 3,000 ರೂಪಾಯಿ, ಹದಿನೈದು ದಿನ ಅಂದ. ಚೀಟಿಯಲ್ಲಿ ನಂಬರ್ ಬರೆದು "ರೈಫಲ್ 1" ಅಂತ ಹಾಕಿದ. ನಾನೂ ಸುಮ್ನೆ ತಲೆಯಾಡಿಸಿ ಬಂದೆ.

ಎರಡು ತಿಂಗಳಾಯಿತು. ಬಿಲ್ 9,500.

ಸುತ್ತಿದ್ದ ಬಟ್ಟೆ ಬಿಚ್ಚಿದರೆ ರೈಫಲ್ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿದೆ! ಹಳೇ ಕಪ್ಪು-ನೀಲಿ ಬಣ್ಣವೆಲ್ಲ ಹೋಗಿದೆ. ನಳಿಗೆಯ ಮೇಲೆ ಬೆರಳು ಓಡಿಸಿದೆ, ಮೂಲೆಗಳೇ ಸಿಗಲಿಲ್ಲ. ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದು ಉರುಟು ಮಾಡಿದ್ದಾನೆ. ಕುದುರೆ, ಅಂದರೆ ಗುಂಡು ಸಿಡಿಸುವ ಸುತ್ತಿಗೆ, ಅದರ ಹಿಂದಿನ ಪಟ್ಟಿಯ ಮೇಲೆ 1884ರ ಅಕ್ಟೋಬರ್ 14ರ ಪೇಟೆಂಟ್ ತಾರೀಕು ಕೊರೆದಿದೆ. ಚಿಕ್ಕಂದಿನಲ್ಲಿ ಅಜ್ಜ ನನ್ನ ಬೆರಳು ಹಿಡಿದು ಓದಿಸುತ್ತಿದ್ದ ಸಾಲು ಅದು. ಆ 14ರ ಮೇಲೆ ಅಡ್ಡಡ್ಡ ಗೀರು. ಮರದ ಹಿಡಿ ಕಳಚಲು ಮೊದಲು ಬಿಚ್ಚುವ ಸ್ಕ್ರೂ ಇರುವುದು ಆ ಪಟ್ಟಿಯಲ್ಲೇ. ಅಂದರೆ ಮೊದಲನೇ ಸ್ಕ್ರೂನಲ್ಲೇ ಕೈ ಜಾರಿದೆ, ಆದರೂ ನಿಲ್ಲಿಸಿಲ್ಲ. ಈ ಸ್ಕ್ರೂಗಳ ಸೀಳು ತೀರಾ ಸಣ್ಣ. ಅದರಲ್ಲಿ ಬಿಗಿಯಾಗಿ ಕೂರುವ ತುದಿಯ ಸ್ಕ್ರೂಡ್ರೈವರ್ ಬೇಕು. ಮಾಮೂಲಿಯದು ಬೆಣೆಯ ಹಾಗಿರುತ್ತದೆ, ತಿರುಗಿಸಿದರೆ ಜಾರುತ್ತದೆ. ಒಂದೊಂದು ಸ್ಕ್ರೂ ತಲೆಯೂ ಇಲಿ ಕಡಿದ ಹಾಗಿದೆ.

"ಇದೇನ್ರೀ?" ಅಂದೆ.

"ಪಾಲಿಶ್ ಫ್ರೀ ಮಾಡೇನ್ರಿ ಸರ. ಅದಕ್ಕೂ ಸಿಟ್ಟ?"

ಬಾಗಿಲು ಹೊಸದು, ಅರದಲ್ಲಿ ಉಜ್ಜಿ ಮಾಡಿದ್ದು. ಹಳೇದೆಲ್ಲಿ? "ಗುಜರಿಗೆ ಹೋತ್ರಿ." ಯಾರನ್ನು ಕೇಳಿ ಕೊಟ್ಟೆ? "ಮುರದ ಸಾಮಾನ ಯಾರ್ ಕೇಳ್ತಾರ್ರಿ?" ಅದು ಮುರಿದೇ ಇರಲಿಲ್ಲ! ಸ್ಪ್ರಿಂಗ್ ಸೋತಿತ್ತು, ಅಷ್ಟೇ.

ಇನ್ನೊಂದು ಕೇಳಿ. ಲಿವರ್ ಮುಚ್ಚಿದಾಗ ಎರಡೂ ಬದಿಯಲ್ಲಿ ಎರಡು ಅಗುಳಿ ಮೇಲೆ ಬಂದು ಬೋಲ್ಟನ್ನು, ಅಂದರೆ ಗುಂಡಿನ ಹಿಂದೆ ಕೂರುವ ಕಬ್ಬಿಣದ ತುಂಡನ್ನು, ಹಿಡಿಯಬೇಕು. ಗುಂಡು ಸಿಡಿದಾಗ ಬೋಲ್ಟ್ ನಮ್ಮ ಮುಖಕ್ಕೆ ಬರದಂತೆ ತಡೆಯುವುದು ಅವೇ. ಈಗ ಲಿವರ್ ಪೂರ್ತಿ ಕೂರುತ್ತಿಲ್ಲ, ಅಗುಳಿಗಳೂ ಅರ್ಧಕ್ಕೇ ನಿಲ್ಲುತ್ತವೆ. ಅದಕ್ಕೆ ಉತ್ತರ: "ನಾಕ್ ಗುಂಡ ಹಾರಸ್ರಿ, ತಾನs ಕೂಡ್ತದ." ನನ್ನ ಕಣ್ಣಿನ ಮುಂದೆ ಹಿಡಿದು ನಾನೇ ಪರೀಕ್ಷೆ ಮಾಡಬೇಕಂತೆ!

ದುಡ್ಡು ಕೊಟ್ಟೆ. ಹೌದು, ಕೊಟ್ಟೆ. ರೈಫಲ್ ಆತನ ಕೈಯಲ್ಲಿತ್ತು, ಇನ್ನೇನು ಮಾಡಲಿ?

ಕೊಡುವ ಮೊದಲು ಒಂದೊಂದು ಸ್ಕ್ರೂವಿನ ಫೋಟೋ ತೆಗೆಯಿರಿ. ಆತನ ಸ್ಕ್ರೂಡ್ರೈವರ್‌ಗಳನ್ನು ತೋರಿಸಲು ಹೇಳಿ, ತೋರಿಸದಿದ್ದರೆ ಎದ್ದು ಬನ್ನಿ. "ಪಾಲಿಶ್ ಬೇಡ, ಹಳೇ ಭಾಗ ವಾಪಸ್ ಕೊಡಬೇಕು" ಅಂತ ಚೀಟಿಯಲ್ಲೇ ಬರೆಸಿ. ಅವ್ವನ ತವರು ಯಾವ ಊರಾದರೂ ಇರಲಿ, ಚಹಾ ಕುಡಿಯಬೇಡಿ.

ಬೇರೆ ಲೈಸನ್ಸ್‌ದಾರರಿಗೆ ತೋರಿಸಿದೆ. ಲಿವರ್ ಸರಿಮಾಡಬಹುದು, ನಳಿಗೆಯ ಮೂಲೆ ವಾಪಸ್ ಬರಲ್ಲ ಅಂದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ದಸರಾಕ್ಕೆ ತರ್ತೀಯಾ ಅಂತ ಕೇಳುತ್ತಿದ್ದಾಳೆ.